ಜಗಲಿ ಮಾತು: ಗೊಂಬೆ, ಗೂಡುದೀಪ, ಗಾರಿಗೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ದಸರೆಯಿಂದ ದೀಪಾವಳಿವರೆಗಿನ ತಯಾರಿಯವೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನನ್ನ ತವರು ಸಾಗರದ ಕಡೆ, ಮದುವೆಯಾಗಿ ಬಂದದ್ದು ಮೈಸೂರಿಗೆ. ಈ ಎರಡು ಕಡೆಯ ಪದ್ಧತಿ ಮಾಡಿ ಗೊತ್ತು. ಕರಾವಳಿಯದ್ದು, ಬಯಲುಸೀಮೆಯದ್ದು ಬೀಗರಿಂದ, ಗೆಳತಿಯರಿಂದ ಕಲಿತದ್ದು. ಆಶ್ವಯುಜ ಕಾರ್ತಿಕದಲ್ಲಿ ಹಿತ್ತಲಲ್ಲಿ ಏನಿದೆ, ಗದ್ದೆಯಲ್ಲಿ ಏನಿದೆ, ಸಂತೆಗೆ ಏನು ಬಂದಿದೆ ಅಂತ ಮೊದಲು ನೋಡಿ, ಅಂಗಡಿಗೆ ಆಮೇಲೆ ಹೋಗಿ ಅನ್ನುವುದು ನನ್ನ ಹಠ. ಕೆಳಗಿನ ಉತ್ತರಗಳಲ್ಲೆಲ್ಲ ಆ ಹಠ ನಿಮಗೆ ಕಾಣುತ್ತದೆ.

ಅಮ್ಮಾ, ಮದುವೆಯಾಗಿ ಇದು ಮೊದಲ ದಸರೆ. ನಮ್ಮತ್ತೆ ತಮ್ಮ ಅತ್ತೆಯಿಂದ ಬಂದ ರಾಜ ರಾಣಿಯರ ಜೋಡಿ ಪಟ್ಟದ ಗೊಂಬೆಗಳನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಬಣ್ಣ ಅಲ್ಲಲ್ಲಿ ಹೋಗಿದೆ. ಹೊಸದಾಗಿ ಬಳಿಸಬಹುದೇ? ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಬೇರೆ ಗೊಂಬೆಗಳೂ ಇಲ್ಲ. ಕೂರಿಸುವುದು ಹೇಗೆ?
ಓದುಗರು, ಮೈಸೂರು

ಬಳಿಸಬೇಡಿ ಕಣಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಪಟ್ಟದ ಗೊಂಬೆಗಳನ್ನು ರಕ್ತಚಂದನದಂಥ ಗಟ್ಟಿ ಮರದಲ್ಲಿ ಕೆತ್ತುತ್ತಿದ್ದರು. ಅವತ್ತಿನ ಕೆಲಸಗಾರ ಬರೆದ ಹುಬ್ಬು, ಕಣ್ಣಿನ ಗೆರೆ, ಹಣೆಯ ಬೊಟ್ಟು ಇನ್ನೂ ಉಳಿದಿದ್ದರೆ ಆ ಗೊಂಬೆಯ ಜೀವ ಇರುವುದೇ ಅಲ್ಲಿ. ಅಂಗಡಿಯ ಎನಾಮಲ್ ಬಳಿದರೆ ಹೊಳಪು ಬರುತ್ತದೆ, ಮುಖ ಹೋಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಮಕ್ಕಳು ಚಿತ್ರ ಬರೆಯುವ ಅಗಲದ ಮೆತ್ತನೆ ಬ್ರಷ್ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಧೂಳು ಜಾಡಿಸಿ, ಅಷ್ಟೇ. ಬಣ್ಣ ಹೋದ ಜಾಗ ಹೆಚ್ಚಾಗಿ ಭುಜ, ಸೊಂಟ, ಪಾದದ ಹತ್ತಿರ ಇರುತ್ತದೆ. ಅದನ್ನೆಲ್ಲ ಉಡುಗೆ ಮುಚ್ಚುತ್ತದೆ.

ಈ ವರ್ಷ ನಿಮ್ಮ ಕೈಕೆಲಸ ಆ ಉಡುಗೆಯೇ ಆಗಲಿ. ಹರಿದ ರೇಷ್ಮೆ ಸೀರೆ ಯಾರ ಮನೆಯಲ್ಲಾದರೂ ಇರುತ್ತದೆ. ಅದರ ಸೆರಗಿನ ಬಳಿ ಗಟ್ಟಿಯಾಗಿ ಉಳಿದ ಅಂಚನ್ನು ಹುಡುಕಿ. ರಾಣಿಯ ಸೊಂಟದಿಂದ ಪಾದಕ್ಕೆ ಎಷ್ಟು ಬರುತ್ತದೋ ಅಷ್ಟು ಅಗಲ, ಗೊಂಬೆಯ ಎತ್ತರದ ಮೂರು ಪಟ್ಟು ಉದ್ದದ ಪಟ್ಟಿ ಕತ್ತರಿಸಿಕೊಳ್ಳಿ. ನಿರಿಗೆಯನ್ನು ಗೊಂಬೆಯ ಮೈಮೇಲೆ ಹಿಡಿಯಲು ಹೋದರೆ ನಿಲ್ಲುವುದಿಲ್ಲ. ನೆಲದ ಮೇಲೇ ಅರ್ಧ ಬೆರಳಗಲದ ನಿರಿಗೆಗಳನ್ನು ಮಡಿಸಿ, ಮೇಲಿನ ತುದಿಗೆ ಸೂಜಿ ದಾರದಲ್ಲಿ ಎರಡು ಸಾಲು ಓಡುಹೊಲಿಗೆ ಹಾಕಿ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಒತ್ತಿ. ಆಮೇಲೆ ಆ ದಾರದಿಂದಲೇ ಸೊಂಟಕ್ಕೆ ಕಟ್ಟಿ, ಉಳಿದ ತುದಿಯನ್ನು ಸೆರಗಾಗಿ ಎಡಭುಜದ ಮೇಲೆ ತನ್ನಿ. ಪಿನ್ನು ಬೇಡವೇ ಬೇಡ. ಮರಕ್ಕೆ ಗೀರು ಬೀಳುತ್ತದೆ, ಮುಂದಿನ ವರ್ಷ ಪೆಟ್ಟಿಗೆ ತೆಗೆಯುವಾಗ ತುಕ್ಕು ರೇಷ್ಮೆಗೂ ಹತ್ತಿರುತ್ತದೆ. ರಾಜನಿಗೆ ಬಿಳಿ ಪಂಚೆ, ಭುಜದ ಮೇಲೆ ಶಲ್ಯ, ತಲೆಗೆ ಪೇಟ. ಪೇಟಕ್ಕೆ ಜರಿ ಅಂಚನ್ನು ಸಡಿಲವಾಗಿ ಹೊಸೆದು ಸುತ್ತಿ, ಕೊನೆಯ ಸುತ್ತನ್ನು ಒಳಗೆ ಸಿಕ್ಕಿಸಿ. ಈ ಕೆಲಸ ಮಾಡುವಾಗ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರತ್ತೆ ಹೇಗೆ ಉಡಿಸುತ್ತಿದ್ದರು, ಯಾವ ಸರ ಹಾಕುತ್ತಿದ್ದರು ಕೇಳಿ. ಒಂದೊಂದು ಮನೆಯದು ಒಂದೊಂದು ಕ್ರಮ, ಅದನ್ನು ನಾನು ಹೇಳಲಾರೆ, ಅವರೇ ಹೇಳಬೇಕು.

ಜಾಗದ ಚಿಂತೆ ಬಿಡಿ. ಮೆಟ್ಟಿಲು ಬೆಸಸಂಖ್ಯೆಯಲ್ಲಿದ್ದರೆ ಆಯಿತು: 3, 5, 7, 9. ನಿಮಗೆ 3 ಧಾರಾಳ. ಸೂಟ್‌ಕೇಸು, ಟ್ರಂಕು, ದಪ್ಪ ಪುಸ್ತಕಗಳ ಕಟ್ಟು ಜೋಡಿಸಿ ಮೇಲೆ ಮಡಿ ಪಂಚೆ ಹಾಸಿದರೆ ಮೆಟ್ಟಿಲು ತಯಾರು. ಮೇಲೆ ಕಲಶ, ಅದರ ಬಳಿ ಪಟ್ಟದ ಗೊಂಬೆಗಳು. ನಡುವಿನ ಮೆಟ್ಟಿಲಿಗೆ ಮನೆಯಲ್ಲಿರುವ ದೇವರ ವಿಗ್ರಹಗಳು. ಕೆಳಗೆ ಅಂಗಡಿಯ ವ್ಯಾಪಾರಿ ದಂಪತಿ ಶೆಟ್ಟಿ ಶೆಟ್ಟಿತಿ, ಅವರ ಮುಂದೆ ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆ. ಈ ದಂಪತಿಯನ್ನು ಜೇಡಿಮಣ್ಣಿನಲ್ಲಿ ನೀವೇ ಮಾಡಬಹುದು. ಶೆಟ್ಟಿಯ ಹೊಟ್ಟೆ ದುಂಡಗೆ ಬಂದರೆ ಉಳಿದದ್ದನ್ನು ಮಕ್ಕಳು ಗುರುತು ಹಿಡಿಯುತ್ತಾರೆ. ಖರೀದಿ ಮಾಡಲೇಬೇಕೆಂದರೆ ವರ್ಷಕ್ಕೊಂದು ಜೊತೆ ಚನ್ನಪಟ್ಟಣದ ಗೊಂಬೆ ತನ್ನಿ. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಚ್ಚುತ್ತಾರೆ. ಆ ಬಣ್ಣ ಸುಲಿದು ಬರುವುದಿಲ್ಲ. ಅರಮನೆಯ ಗೊಂಬೆ ತೊಟ್ಟಿ, ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಏರ್ಪಡಿಸುವ ಬೊಂಬೆ ಮನೆ ಎರಡನ್ನೂ ಒಮ್ಮೆ ಹೋಗಿ ನೋಡಿ. ಜೋಡಣೆಯಲ್ಲಿ ಕಣ್ಣು ಪಳಗುತ್ತದೆ.

ಕೆಳಗಿನ ಮೆಟ್ಟಿಲಿನ ಮುಂದೆ ಒಂದು ತಟ್ಟೆ ತೋಟ ಇಲ್ಲದಿದ್ದರೆ ನನಗೆ ದಸರೆಯೇ ಅಲ್ಲ. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ಅಗಲ ತಟ್ಟೆಯಲ್ಲಿ ಒಂದಂಗುಲ ಮಣ್ಣು ಹರಡಿ, ರಾಗಿ ಚೆಲ್ಲಿ, ತೆಳುವಾಗಿ ಮಣ್ಣು ಉದುರಿಸಿ, ಎರಡು ದಿನ ಇನ್ನೊಂದು ತಟ್ಟೆ ಮುಚ್ಚಿಡಿ. ನೀರನ್ನು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಪಾಡ್ಯದ ಹೊತ್ತಿಗೆ ಹಸಿರು ಮೂಡಿ, ಆಯುಧಪೂಜೆಯ ಹೊತ್ತಿಗೆ ಪುಟ್ಟ ಗದ್ದೆಯೇ ಆಗಿರುತ್ತದೆ.

ಸಂಜೆ ಬಾಗಿಲಲ್ಲಿ ಮಕ್ಕಳು ನಿಂತು “ಗೊಂಬೆ ಕೂರ್ಸಿದ್ದೀರಾ?” ಅಂದರೆ ಬರಿಗೈಯಲ್ಲಿ ಕಳಿಸಬೇಡಿ. ಗೊಂಬೆ ಬಾಗಿನಕ್ಕೆ ದೊಡ್ಡ ತಿಂಡಿ ಬೇಕಿಲ್ಲ. ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಪುರಿ ಉಂಡೆ, ಒಂದು ದಿನ ಕೊಬ್ಬರಿ ಮಿಠಾಯಿ. ಮುತ್ತುಗದ ಎಲೆಯ ದೊನ್ನೆಯಲ್ಲಿ ಕೊಡಿ. ನಮ್ಮ ಬೀದಿಯಲ್ಲಿ ಈಗ ಮಕ್ಕಳು ಮನೆ ಮನೆಗೆ ಬರುವುದು ಕಡಿಮೆಯಾಗಿದೆ, ನನಗೆ ಅದು ನಿಜಕ್ಕೂ ಬೇಸರ. ನೀವೇ ಅಕ್ಕಪಕ್ಕದ ಮಕ್ಕಳನ್ನು ಕರೆಯಿರಿ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಮರುದಿನ ಹಳೆಯ ಮೆತ್ತನೆಯ ಪಂಚೆಯಲ್ಲಿ ಸುತ್ತಿಡಿ. ಪೆಟ್ಟಿಗೆಗೆ ಬಜೆ ಬೇರಿನ ತುಂಡು ಅಥವಾ ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಬಿಗಿಯಬೇಡಿ, ಮರ ಬೆವರುತ್ತದೆ.

ಅಕ್ಕಾ, ಪೇಟೆಯ ಪ್ಲಾಸ್ಟಿಕ್ ಗೂಡುದೀಪ ತರುವುದು ಬೇಡವೆಂದು ಕಳೆದ ವರ್ಷ ಮಕ್ಕಳೊಂದಿಗೆ ಮನೆಯಲ್ಲೇ ಮಾಡಿದೆವು. ಕಟ್ಟುವಾಗ ಸರಿಯಿದ್ದದ್ದು ಕಾಗದ ಅಂಟಿಸುವಷ್ಟರಲ್ಲಿ ತಿರುಚಿಕೊಂಡಿತು. ಮಾವನವರು ಚಂದ ಮಾಡುತ್ತಿದ್ದರಂತೆ, ಈಗ ಅವರಿಲ್ಲ. ಅಳತೆ ಯಾರಿಗೂ ಗೊತ್ತಿಲ್ಲ.
ಓದುಗರು, ಪುತ್ತೂರು

ಹಳೆಯ ಮಾದರಿಯ ಗೂಡುದೀಪಕ್ಕೆ ಅಳತೆ ಒಂದೇ: ಎಲ್ಲ ಕಡ್ಡಿಯೂ ಒಂದೇ ಉದ್ದ ಇರಬೇಕು. 24 ಕಡ್ಡಿ ಬೇಕು. ಒಂದೊಂದು 9 ಅಂಗುಲ ಇಟ್ಟುಕೊಂಡರೆ ದೀಪ ಸುಮಾರು 13 ಅಂಗುಲ ಎತ್ತರ ಬರುತ್ತದೆ, ಮನೆಗೆ ಹದವಾದ ಗಾತ್ರ. ಬಿದಿರಿನ ಸೀಳು ಒಳ್ಳೆಯದು; ನಿಮ್ಮಲ್ಲಿ ಅಡಿಕೆ ಮರದ ಸಲಾಕೆ ಸುಲಭವಾಗಿ ಸಿಗುತ್ತದೆ, ಅದನ್ನೇ ಪೆನ್ಸಿಲ್‌ಗಿಂತ ಸಪೂರ ಸೀಳಿ ನಯ ಮಾಡಿದರೂ ಆಯಿತು.

ನಾಲ್ಕು ನಾಲ್ಕು ಕಡ್ಡಿ ಕಟ್ಟಿ ಆರು ಚೌಕ ಮಾಡಿ. ಇಲ್ಲೇ ನಿಮ್ಮದು ತಪ್ಪಿರುವುದು. ನಾಲ್ಕು ಕಡ್ಡಿ ಸಮ ಇದ್ದ ಮಾತ್ರಕ್ಕೆ ಚೌಕವಾಗುವುದಿಲ್ಲ, ಒತ್ತಿದರೆ ಓರೆಯಾಗುತ್ತದೆ. ಪ್ರತಿ ಚೌಕಕ್ಕೂ ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಬಿಗಿಯಿರಿ, ಎರಡರ ಉದ್ದವೂ ಒಂದೇ ಇರಲಿ. 9 ಅಂಗುಲದ ಕಡ್ಡಿಗೆ ಅದು 12 ಮುಕ್ಕಾಲು ಅಂಗುಲ ಬರುತ್ತದೆ. ಈ ದಾರ ಇಲ್ಲದಿದ್ದರೆ ಚೌಕಗಳೆಲ್ಲ ಒಟ್ಟಿಗೆ ಓರೆಯಾಗಿ ಇಡೀ ಗೂಡು ಹಿಂಡಿದಂತೆ ಸುತ್ತಿಕೊಳ್ಳುತ್ತದೆ.

ಈಗ ಒಂದು ಚೌಕವನ್ನು ನೆಲದ ಮೇಲೆ ಇಡಿ, ಅದು ತಳ. ಇನ್ನು ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಬೇಕು, ಶಂಕರಪೋಳಿಯ ಆಕಾರದಲ್ಲಿ. ಒಂದೊಂದರ ಕೆಳಮೂಲೆಯನ್ನು ತಳದ ಒಂದೊಂದು ಮೂಲೆಗೆ ಕಟ್ಟಿ. ಅಕ್ಕಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ. ಮೇಲೆ ಎದ್ದು ನಿಂತ ನಾಲ್ಕು ಮೂಲೆಗಳಿಗೆ ಆರನೆಯ ಚೌಕ ಕೂರುತ್ತದೆ. ಒಟ್ಟು 12 ಗಂಟು. ಚೌಕಗಳ ನಡುವೆ ತಾನಾಗಿಯೇ 8 ತ್ರಿಕೋನ ಮೂಡಿರುವುದು ಕಂಡಾಗ ಮಕ್ಕಳಿಗೆ ಆಗುವ ಖುಷಿ ನೋಡಬೇಕು.

ಕಾಗದಕ್ಕೆ ಗಾಳಿಪಟದ ಕಾಗದವೇ ಸರಿ. ಪಕ್ಕದ ನಾಲ್ಕು ಚೌಕಕ್ಕೆ ಒಂದು ಬಣ್ಣ, ತ್ರಿಕೋನಗಳಿಗೆ ಇನ್ನೊಂದು. ಸುತ್ತಲೂ ಅರ್ಧ ಅಂಗುಲ ಹೆಚ್ಚು ಬಿಟ್ಟು ಕತ್ತರಿಸಿ, ಕಡ್ಡಿಗೆ ಮಡಚಿ ಅಂಟಿಸಿ. ಅಂಟಿಗೆ ಒಂದು ಲೋಟ ನೀರಿಗೆ ಎರಡು ಚಮಚ ಮೈದಾ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ಕೈಯಾಡಿಸಿ. ಹುಳ ಬರದಿರಲೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಕೈಹಾಕುವ ಅಂಟಿಗೆ ಬೇಡ. ಅವತ್ತಿನದು ಅವತ್ತೇ ಕಾಯಿಸಿಕೊಳ್ಳಿ. ಕಾಗದ ಒಣಗಿದ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಿದರೆ, ಮತ್ತೆ ಒಣಗುವಾಗ ಸುಕ್ಕು ಬಿಟ್ಟು ಬಿಗಿಯಾಗುತ್ತದೆ. ಬಣ್ಣ ಬಿಡುವ ಕಾಗದವೇ ಅಂತ ಒಂದು ಚೂರಿನ ಮೇಲೆ ಮೊದಲು ಪರೀಕ್ಷಿಸಿ.

ಮೇಲಿನ ಚೌಕ, ತಳದ ಚೌಕ ಎರಡನ್ನೂ ತೆರೆದೇ ಬಿಡಿ, ಬಿಸಿ ಹೊರಗೆ ಹೋಗಬೇಕು. ಮೇಲಿನ ಚೌಕಕ್ಕೆ ಅಡ್ಡಲಾಗಿ ಒಂದು ಕಡ್ಡಿ ಕಟ್ಟಿ ಅದರಿಂದ ಹೋಲ್ಡರ್ ಇಳಿಬಿಡಿ. 5 ವ್ಯಾಟಿನ ಎಲ್‌ಇಡಿ ಸಾಕು. ಬಲ್ಬು ಕಾಗದಕ್ಕೆ ತಾಗಬಾರದು. ತಂತಿಯ ಕೆಲಸ ದೊಡ್ಡವರದು. ತಳದ ಮೂಲೆಗಳಿಗೆ ಕಾಗದದ ಬಾಲ ಕಟ್ಟಿ. ದೀಪಾವಳಿ ಹೊತ್ತಿಗೆ ನಿಮ್ಮಲ್ಲಿ ಸಂಜೆ ಗುಡುಗು ಮಳೆ ಇರುತ್ತದಲ್ಲ, ಆದ್ದರಿಂದ ಅಂಗಳದ ಕಂಬದ ಆಸೆ ಬಿಟ್ಟು ಮಾಡಿನ ಕೆಳಗೇ ತೂಗುಹಾಕಿ.

ಅಕ್ಕಾರ, ನಾ ಮಾಡೋ ಕುಂಬಳಕಾಯಿ ಗಾರಿಗಿ ಎಣ್ಣ್ಯಾಗ ಬಿಟ್ಟಕೂಡ್ಲೇ ಬಿಚ್ಚಿಕೊಳ್ತಾವು, ಇಲ್ಲಾಂದ್ರ ಎಣ್ಣಿ ಕುಡದು ಮೆತ್ತಗಾಗ್ತಾವು. ನಮ್ಮವ್ವ ಮಾಡಿದ್ದು ನಾಕ ದಿನ ಇಟ್ರೂ ಚಲೋ ಇರ್ತಿದ್ದುವು. ಶೀಗಿ ಹುಣ್ಣಿವಿಗೆ ಹೊಲಕ್ಕ ಒಯ್ಯಾಕ ಬೇಕಾಗ್ಯಾವು.
ಓದುಗರು, ಹಾವೇರಿ

ಎರಡೂ ತೊಂದರೆಗೆ ಮೂಲ ಕುಂಬಳಕಾಯಿಯ ನೀರು. ಚೆನ್ನಾಗಿ ಬಲಿತ, ಒಳಗೆ ಕಡು ಕೇಸರಿ ಬಣ್ಣದ ಸಿಹಿಗುಂಬಳ ಆರಿಸಿ. ಎಳೆಯದರಲ್ಲಿ ನೀರೇ ಜಾಸ್ತಿ. 2 ಬಟ್ಟಲು ತುರಿಯನ್ನು ಒಂದು ಚಮಚ ತುಪ್ಪದಲ್ಲಿ, ಬೆಲ್ಲ ಹಾಕದೆ, ಮುಚ್ಚದೆ ಬಾಡಿಸಿ. ಬೆಲ್ಲವನ್ನು ಮೊದಲೇ ಹಾಕಿದರೆ ತುರಿ ಬೇಯದೆ ನಾರುನಾರಾಗಿ ಉಳಿಯುತ್ತದೆ. ತುರಿ ಮೆತ್ತಗಾಗಿ ತಳದಲ್ಲಿ ನೀರು ಕಾಣದಂತಾದಾಗ 1 ಬಟ್ಟಲು ಬೆಲ್ಲ ಹಾಕಿ. ಬೆಲ್ಲ ಕರಗಿ ಒಂದು ಕುದಿ ಬಂದರೆ ಇಳಿಸಿಬಿಡಿ. ಪಾಕ ಆಗಲು ಬಿಡಬಾರದು. ಬಿಸಿ ಇರುವಾಗಲೇ 2 ಚಮಚ ಚಿರೋಟಿ ರವೆ, ಏಲಕ್ಕಿ, ಸ್ವಲ್ಪ ಜಾಜಿಕಾಯಿ, ಚಿಟಿಕೆ ಉಪ್ಪು ಸೇರಿಸಿ ಮುಚ್ಚಿಡಿ. ಪೂರ್ತಿ ಆರಿದ ಮೇಲೆ ಗೋಧಿಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಸಿ. ನೀರು ಒಂದು ಹನಿಯೂ ಬೇಡ. ಸುಮಾರು 2 ಬಟ್ಟಲು ಹಿಡಿಯುತ್ತದೆ, ಆದರೆ ಅಳತೆಗಿಂತ ಕೈಯನ್ನು ನಂಬಿ: ಹಿಟ್ಟು ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಬೆರಳಿಗೆ ಅಂಟಬಾರದು. ಬೆಲ್ಲ ನೀರು ಬಿಡುವ ಸ್ವಭಾವದ್ದು, ಆದ್ದರಿಂದ 20 ನಿಮಿಷ ಬಿಟ್ಟು ಮತ್ತೊಮ್ಮೆ ಮುಟ್ಟಿ ನೋಡಿ. ಸಡಿಲವಾಗಿದ್ದರೆ ಇನ್ನಷ್ಟು ಹಿಟ್ಟು.

ಬಾಳೆ ಎಲೆಯ ಮೇಲೆ ಗಸಗಸೆ ಉದುರಿಸಿ, ಪೂರಿಗಿಂತ ದಪ್ಪಗೆ ತಟ್ಟಿ. ಎಣ್ಣೆ ಚೆನ್ನಾಗಿ ಕಾದ ಮೇಲೆ ಉರಿಯನ್ನು ನಡುಮಟ್ಟಕ್ಕೆ ಇಳಿಸಿ ಒಂದೊಂದನ್ನೇ ಬಿಡಿ. ಬಿಟ್ಟ ತಕ್ಷಣ ಝಾರದಿಂದ ಕೆದಕಬೇಡಿ, ತಾನಾಗಿ ಮೇಲೆ ಬರಲಿ. ಮೊದಲನೆಯದು ಬಿಚ್ಚಿಕೊಂಡರೆ ಬೆಲ್ಲ ಹೆಚ್ಚಾಗಿದೆ ಅಂತ. ಉಳಿದ ಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಕಲಸಿ ಮುಂದುವರಿಯಿರಿ. ಆರುವ ಮೊದಲು ಡಬ್ಬಿಗೆ ತುಂಬಿದರೆ ನಾಲ್ಕು ದಿನ ಇರಲಿ, ಮರುದಿನಕ್ಕೇ ಮೆತ್ತಗಾಗುತ್ತವೆ.

ಮೇಡಂ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬರೆಯುವ ಚಿತ್ತಾರವನ್ನು ಶಾಲೆಯಲ್ಲಿ ಕಲಿಸಬೇಕೆಂದಿದ್ದೇನೆ. ಅಕ್ರಿಲಿಕ್ ಬಣ್ಣ ಬಳಸಿದರೆ ಬೇಗ ಮುಗಿಯುತ್ತದಲ್ಲವೇ?
ಶಿಕ್ಷಕಿ, ಶಿವಮೊಗ್ಗ

ಬೇಗ ಮುಗಿಯುತ್ತದೆ. ಆದರೆ ಮಕ್ಕಳಿಗೆ ಸಿಗುವುದು ಬಣ್ಣ ಹಚ್ಚಿದ ಒಂದು ಬುಟ್ಟಿ ಅಷ್ಟೇ. ಈ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಂಗಸರ ಕೈಯಲ್ಲಿ ಉಳಿದು ಬಂದ ವಿದ್ಯೆ. ನಿಮ್ಮ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಹಳ್ಳಿಗಳಲ್ಲಿ ಈಗಲೂ ಬರೆಯುವವರಿದ್ದಾರೆ. ಒಬ್ಬರನ್ನು ಶಾಲೆಗೆ ಕರೆಸಿ, ಸಂಭಾವನೆ ಕೊಟ್ಟು, ಮಕ್ಕಳ ಎದುರು ಬರೆಸಿ. ಯಾರ ಕಲೆ ಅನ್ನುವುದನ್ನು ಮಕ್ಕಳು ಅವರ ಬಾಯಿಂದಲೇ ಕೇಳಲಿ. ಇದು ನನ್ನ ಮೊದಲ ಬೇಡಿಕೆ.

ನಮ್ಮೂರಿನ ದೀವರ ಮನೆಗಳಲ್ಲಿ ದಸರೆ ಮುಗಿಯುವಾಗಲೇ ಭೂಮಣ್ಣಿ ಬುಟ್ಟಿಯ ಕೆಲಸ ಶುರುವಾಗುತ್ತಿತ್ತು. ಬಿದಿರಿನ ಬುಟ್ಟಿಯ ಸಂದುಗಳನ್ನು ಸಗಣಿಯಿಂದ ಬಳಿದು ಮುಚ್ಚಿ ನೆರಳಲ್ಲಿ ಒಣಗಿಸುವುದು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಅದರ ಮೇಲೆ ಸೋಸಿದ ಕೆಮ್ಮಣ್ಣು. ಬಿಳಿಗೆ ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದ ಹಿಟ್ಟು, ಕಪ್ಪಿಗೆ ಕರಕಲಾಗುವವರೆಗೆ ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿ ನಾರಿನ ಒಂದು ತುಂಡು, ತುದಿ ಜಜ್ಜಿದ್ದು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಬುಟ್ಟಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ನಾರನ್ನು ಎಳೆಯುತ್ತ ಹೋಗುತ್ತಾರೆ. ಅಳತೆಪಟ್ಟಿ ಇಲ್ಲ, ಗುರುತು ಹಾಕಿಕೊಳ್ಳುವುದಿಲ್ಲ. ಅಕ್ಕಿ ಹಿಟ್ಟಿನ ಗೆರೆ ಹಸಿ ಇದ್ದಾಗ ಸರಿಯಾಗಿ ಕಾಣುವುದೇ ಇಲ್ಲ. ಒಣಗುತ್ತ ಒಣಗುತ್ತ ಬೆಳ್ಳಗೆ ಎದ್ದು ಬರುತ್ತದೆ. ಹೊಸಬರು ಕಾಣಲಿಲ್ಲವೆಂದು ಅದರ ಮೇಲೇ ಮತ್ತೆ ಎಳೆದು ಗೆರೆ ದಪ್ಪ ಮಾಡಿಬಿಡುತ್ತಾರೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ: ಒಂದು ಸಲ ಎಳೆದು ಕಾಯಿರಿ. ಹಿಟ್ಟು ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು ಇರಲಿ.

ಬುಟ್ಟಿ ಏಕೆ ಅಂತಲೂ ಹೇಳಬೇಕು. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ದಂಟಿನೊಳಗೇ ಇರುತ್ತದೆ. ಭೂಮಿತಾಯಿ ಬಸುರಿ, ಅವಳಿಗೆ ಸೀಮಂತ, ಬಯಕೆಯ ಊಟ. ಹಿಂದಿನ ದಿನವೇ ಹಿತ್ತಲು ಬೇಲಿ ಸುತ್ತಿ ಕೈಗೆ ಸಿಕ್ಕಷ್ಟು ಬಗೆಯ ಸೊಪ್ಪು ಕೊಯ್ದು ತಂದು ಬೇಯಿಸಿದ ಹಚ್ಚಂಬಲಿಯನ್ನು ಬೆಳಗಿನ ಜಾವ ಗದ್ದೆಗೆ ಬೀರುತ್ತಾರೆ. ಕಡುಬು, ಪಲ್ಯ, ಪಾಯಸ ಬುಟ್ಟಿಯಲ್ಲಿ ಹೋಗುತ್ತದೆ. ಕಾಗೆಗೆ ಒಂದೆಡೆ, ಇಲಿಗೂ ಒಂದೆಡೆ ಇಡುವುದುಂಟು. ಕೆಲವು ಕಡೆ ಕಡುಬನ್ನು ಗದ್ದೆಯಲ್ಲಿ ಹೂತು ಕೊಯ್ಲಿನ ಹೊತ್ತಿಗೆ ತೆಗೆಯುತ್ತಾರೆ. ಮಕ್ಕಳಿಗೆ ಸೊಪ್ಪು ಗುರುತು ಹಿಡಿಯುವ ಒಂದು ಬೆಳಗ್ಗೆಯನ್ನೂ ಇಟ್ಟುಕೊಳ್ಳಿ, ಬುಟ್ಟಿ ಬರೆದಷ್ಟೇ ಕಲಿಯುತ್ತಾರೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಹೊರಗೆ ಮೇಪಲ್ ಎಲೆಗಳೆಲ್ಲ ಕೆಂಪಾಗಿವೆ. ಅವುಗಳಿಂದ ತೋರಣ ಕಟ್ಟಬಹುದೇ, ಇಲ್ಲಾ ಮಾವಿನೆಲೆಯೇ ಆಗಬೇಕೇ? ಮಗಳು ಹ್ಯಾಲೋವೀನ್‌ಗೆ ಕುಂಬಳ ಕೊರೆಯುತ್ತಾಳೆ, ಅದರ ತಿರುಳು ಎಸೆಯಲು ಮನಸ್ಸು ಬರುವುದಿಲ್ಲ.

ಕಲಶಕ್ಕೆ ಐದು ಮಾವಿನೆಲೆ ಇಂಡಿಯನ್ ಸ್ಟೋರ್‌ನಿಂದ ತನ್ನಿ, ಬಾಗಿಲಿಗೆ ಮೇಪಲ್ ಕಟ್ಟಿ. ಆಯಾ ಊರಿನ ಹಸಿರು ಬಾಗಿಲಿಗೆ ಬರುವುದೇ ತೋರಣ, ಹಿರಿಯರಿಗೆ ಹಾಗೆಯೇ ಹೇಳಿ. ಆದರೆ ಮೇಪಲ್ ಎಲೆ ಕಟ್ಟಿದ ಮರುದಿನವೇ ಸುರುಟಿಕೊಳ್ಳುತ್ತದೆ. ಬಿದ್ದ ದಿನವೇ, ಮೆತ್ತಗಿರುವಾಗ ಆರಿಸಿ. ಒಂದು ಪಾಲು ಗ್ಲಿಸರಿನ್, ಎರಡು ಪಾಲು ನೀರು ಬೆರೆಸಿ ಅಗಲ ತಟ್ಟೆಯಲ್ಲಿ ಎಲೆ ಮುಳುಗಿಸಿ, ಮೇಲೆ ಇನ್ನೊಂದು ತಟ್ಟೆ ಭಾರ ಇಡಿ. ನಾಲ್ಕೈದು ದಿನಕ್ಕೆ ಎಲೆ ಚರ್ಮದಂತೆ ಬಗ್ಗುತ್ತದೆ. ಒರೆಸಿ, ತೊಟ್ಟನ್ನು ಹಿಂದಕ್ಕೆ ಮಡಚಿ ದಾರಕ್ಕೆ ಹೊಲಿಯಿರಿ. ಬಣ್ಣ ಸ್ವಲ್ಪ ಗಾಢವಾಗುತ್ತದೆ, ಸುರುಟುವುದಿಲ್ಲ. ಹಿತ್ತಲಲ್ಲಿ ಚೆಂಡುಹೂವು ಬೆಳೆದಿದ್ದರೆ ಹವಾಮಾನ ವರದಿ ನೋಡುತ್ತಿರಿ. ಮೊದಲ ಹಿಮ ಬೀಳುವ ಹಿಂದಿನ ಸಂಜೆಯೇ ಕೊಯ್ದುಬಿಡಬೇಕು, ಬೆಳಗ್ಗೆ ನೋಡಿದರೆ ಗಿಡ ಕಪ್ಪಾಗಿರುತ್ತದೆ.

ಕೊರೆಯಲು ಮಾರುವ ದೊಡ್ಡ ಕುಂಬಳದಲ್ಲಿ ನೀರು, ನಾರು ಹೆಚ್ಚು, ರುಚಿ ಕಡಿಮೆ. ಕೊರೆದು ಹೊರಗಿಟ್ಟದ್ದನ್ನು ತಿನ್ನಲೇಬೇಡಿ. ಕೊರೆಯುವ ದಿನವೇ ಕೆರೆದು ತೆಗೆದ ತಿರುಳನ್ನು ಮಾತ್ರ ಕಾಯಿ, ಸಾಸಿವೆ, ಒಣಮೆಣಸು ಅರೆದು ಮೊಸರು ಬೆರೆಸಿ ‘ಸಾಸಿವೆ’ ಅನ್ನುವ ಗೊಜ್ಜು ಮಾಡಿ. ಬೀಜವನ್ನು ತೊಳೆದು ಒಣಗಿಸಿ ಉಪ್ಪು, ಖಾರದಪುಡಿ ಹಾಕಿ ಹುರಿಯಿರಿ. ಮೇಲೆ ಹೇಳಿದ ಗಾರಿಗೆಗೆ ನಿಮ್ಮಲ್ಲಿ ಕಬೋಚಾ ಅನ್ನುವ ಕುಂಬಳ ಚೆನ್ನಾಗಿ ಹೊಂದುತ್ತದೆ, ಅದರಲ್ಲಿ ನೀರು ಕಡಿಮೆ. ಬಟರ್‌ನಟ್ ಆದರೆ ಇನ್ನಷ್ಟು ಹೊತ್ತು ಬಾಡಿಸಿ. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ, ಅಕ್ಟೋಬರ್ 31ಕ್ಕೆ ಬಂದಿದ್ದವು. ಹಾಗೆ ಹತ್ತಿರ ಬಂದ ವರ್ಷ ಮಗಳು ಕೊರೆದ ಕುಂಬಳದ ಪಕ್ಕದಲ್ಲೇ ಹಣತೆ ಸಾಲು ಇಡಿ. ಹೊಸ ಹಣತೆಗಳನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಕೊಂಡರೆ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.

ಭತ್ತದ ತೆನೆಯ ತೋರಣ ಕಟ್ಟುವಾಗ ಕಾಳೆಲ್ಲ ಉದುರುತ್ತದೆ, ಏನು ಮಾಡಲಿ?
ಓದುಗರು, ತೀರ್ಥಹಳ್ಳಿ

ಪೂರ್ತಿ ಒಣಗಿದ ತೆನೆ ಕೊಯ್ದಿದ್ದೀರಿ. ಕಾಳು ಬಲಿತು ಹಳದಿಗೆ ತಿರುಗಿರಬೇಕು, ದಂಟಿನಲ್ಲಿ ಹಸಿರು ಇನ್ನೂ ಉಳಿದಿರಬೇಕು. ಆಗ ದಂಟು ಮುರಿಯದೆ ಬಗ್ಗುತ್ತದೆ. ಕೊಯ್ದ ದಿನವೇ ಜಡೆ ಹೆಣೆಯಿರಿ, ಬಾಳೆ ನಾರಿನಿಂದ ಬಿಗಿಯಿರಿ. ಒಣಗುವಾಗ ದಂಟು ಕುಗ್ಗುವುದರಿಂದ ಎರಡು ದಿನ ಬಿಟ್ಟು ನಾರನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ವಾರ್ನಿಷ್ ಬೇಡ, ಗುಬ್ಬಿ ಬಂದು ತಿನ್ನಲಿ ಅಂತಲೇ ಅಲ್ಲವೇ ಕಟ್ಟುವುದು.

ಆಯುಧಪೂಜೆ ಮುಗಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೂದುಗುಂಬಳ, ಚೆಂಡುಹೂವಿನ ಹಾರ ಎಲ್ಲ ಕಸಕ್ಕೆ ಹೋಗುತ್ತದೆ. ಏನಾದರೂ ಮಾಡಬಹುದೇ?
ಓದುಗರು, ಬೆಂಗಳೂರು

ರಸ್ತೆಯಲ್ಲಿ ಒಡೆದ ಬೂದುಗುಂಬಳವನ್ನು ದಯವಿಟ್ಟು ಪಕ್ಕಕ್ಕೆ ಸರಿಸಿ ಅಂತ ನಿಮ್ಮವರಿಗೆಲ್ಲ ಹೇಳಿ. ಬೈಕಿನವರು ಜಾರಿ ಬೀಳುವುದನ್ನು ನೋಡಲಾಗುವುದಿಲ್ಲ. ಒಡೆಯದೆ ಉಳಿದ ಕಾಯಿಗಳಿಗೆ ಕಾಶಿ ಹಲ್ವ ಇದ್ದೇ ಇದೆ. ತಿರುಳು ತುರಿದು ಹಿಂಡಿ, ಆ ನೀರನ್ನು ಚೆಲ್ಲದೆ ಅದರಲ್ಲೇ ತುರಿಯನ್ನು ಪಾರದರ್ಶಕವಾಗುವವರೆಗೆ ಬೇಯಿಸಿ. ಹಿಂಡಿದ ತುರಿ 2 ಬಟ್ಟಲಿದ್ದರೆ ಸಕ್ಕರೆ ಒಂದೂಕಾಲು ಬಟ್ಟಲು. ನೀರು ಪೂರ್ತಿ ಇಂಗಿದ ಮೇಲೆಯೇ ಸಕ್ಕರೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತುಪ್ಪ, ಹಾಲಲ್ಲಿ ನೆನೆಸಿದ ಕೇಸರಿ, ಹುರಿದ ಗೋಡಂಬಿ ದ್ರಾಕ್ಷಿ. ತಳ ಬಿಟ್ಟು ಒಟ್ಟಾಗಿ ಬಂದರೆ ಆಯಿತು.

ಚೆಂಡುಹೂವಿನಿಂದ ಬಟ್ಟೆಗೆ ಬಣ್ಣ ಹಾಕಿ. ಹಾರದ ದಾರ, ಪ್ಲಾಸ್ಟಿಕ್ ಎಲ್ಲ ತೆಗೆದು ಎಸಳನ್ನು ನೆರಳಲ್ಲಿ ಒಣಗಿಸಿ; ಬುಡದ ಕಪ್ಪು ಕಡ್ಡಿಯಂಥ ಬೀಜಗಳಲ್ಲಿ ಬಲಿತವನ್ನು ಮುಂದಿನ ಮಳೆಗಾಲಕ್ಕೆ ಬೇರೆಯಾಗಿ ಎತ್ತಿಡಿ. ಬಟ್ಟೆ ಎಷ್ಟು ತೂಕವೋ ಒಣ ಎಸಳೂ ಅಷ್ಟೇ ತೂಕ ಬೇಕು. ಹತ್ತಿ ಬಟ್ಟೆ ನೇರವಾಗಿ ಬಣ್ಣ ಹಿಡಿಯುವುದಿಲ್ಲ. ಗಂಜಿ ಹೋಗುವಂತೆ ತೊಳೆದು, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಅಳಲೆಕಾಯಿ ಪುಡಿಯ ನೀರಲ್ಲಿ ಒಂದು ರಾತ್ರಿ ನೆನೆಸಿ ಹಿಂಡಿ ಒಣಗಿಸಿ. ಮರುದಿನ 100 ಗ್ರಾಂ ಬಟ್ಟೆಗೆ 15 ಗ್ರಾಂ ಲೆಕ್ಕದಲ್ಲಿ ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ ಒಂದು ಗಂಟೆ ಅದ್ದಿಡಿ. ಪಟಿಕ ಎಂದರೆ ಕ್ಷೌರದಂಗಡಿಯಲ್ಲಿ ಮುಖಕ್ಕೆ ಉಜ್ಜುವ ಬಿಳಿ ಹರಳು. ಎಸಳನ್ನು ಅರ್ಧ ಗಂಟೆ ಕುದಿಸಿ ಸೋಸಿದ ನೀರಿಗೆ ಈ ಬಟ್ಟೆ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ, ಕೋಲಿನಿಂದ ತಿರುಗಿಸುತ್ತಿರಿ. ಸ್ಟೀಲ್ ಪಾತ್ರೆಯಾದರೆ ಬಂಗಾರದ ಹಳದಿ, ಕಬ್ಬಿಣದ ಬಾಣಲೆಯಾದರೆ ಮಂಕು ಹಸಿರು. ಎರಡೂ ನನಗೆ ಇಷ್ಟ. ಪಾತ್ರೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಮೊದಲ ಎರಡು ಸಲ ಬೇರೆ ಬಟ್ಟೆಗಳ ಜೊತೆ ಹಾಕದೆ ತಣ್ಣೀರಲ್ಲಿ ಒಗೆಯಿರಿ.